2 ಜಿಬಿ ಸರ್ವರ್‌ನಲ್ಲಿ ಅಪಾಚೆಗೆ ಎಷ್ಟು ಪ್ರೋಸೆಸ್ ಬಿಡಬಹುದು?

ನೀವು ಕೇಳಿರುವುದು: ಮೈಸೂರಿನ ಹೋಂಸ್ಟೇ ಬುಕಿಂಗ್‌ಗೆ ವರ್ಡ್‌ಪ್ರೆಸ್ ಸೈಟು, 2 ಜಿಬಿ ಮೆಮೊರಿಯ ಉಬುಂಟು ವಿಪಿಎಸ್ (ಬಾಡಿಗೆ ಸರ್ವರ್), ಅದರಲ್ಲೇ ಅಪಾಚೆ (ಪುಟ ಕೊಡುವ ವೆಬ್ ಸರ್ವರ್), ಮಾಡ್ ಪಿಎಚ್‌ಪಿ (ಅಪಾಚೆಯೊಳಗೇ ಪಿಎಚ್‌ಪಿ ಓಡಿಸುವ ಭಾಗ), ಮೈಎಸ್‌ಕ್ಯೂಎಲ್ ಡೇಟಾಬೇಸ್. ದಸರಾ ಹತ್ತಿರವಾದಂತೆ ಡೇಟಾಬೇಸ್ ಕನೆಕ್ಷನ್ ಎರರ್. ಅಪಾಚೆ ಲಾಗ್ ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ (ಏಕಕಾಲಕ್ಕೆ ಓಡಬಹುದಾದ ಅಪಾಚೆ ಪ್ರೋಸೆಸ್‌ಗಳ ಮಿತಿ) ಏರಿಸುವುದನ್ನು ಯೋಚಿಸಿ ಎನ್ನುತ್ತಿದೆ, 150 ಇದ್ದದ್ದನ್ನು 300 ಮಾಡಲೇ ಎಂದು.

ಮಾಡಬೇಡಿ. ಇಳಿಸಬೇಕು, ಅದೂ 20ರ ಆಸುಪಾಸಿಗೆ.

ಲಾಗಿನ ಆ ಸಾಲಿಗೆ ನಿಮ್ಮ ರ್‍ಯಾಮ್ ಎಷ್ಟೆಂಬುದು ಗೊತ್ತಿಲ್ಲ. ಮಿತಿ ಮುಟ್ಟಿತು ಎಂದಷ್ಟೇ ಅದು ಹೇಳುತ್ತದೆ. ಪ್ರೀಫೋರ್ಕ್‌ನಲ್ಲಿ, ಅಂದರೆ ಒಂದು ರಿಕ್ವೆಸ್ಟಿಗೆ ಒಂದು ಪ್ರೋಸೆಸ್ ಎಂಬ ನಿಮ್ಮ ಈಗಿನ ಅಪಾಚೆ ವಿಧಾನದಲ್ಲಿ, ಪ್ರತಿ ಅಪಾಚೆ ಪ್ರೋಸೆಸ್ ಒಳಗೂ ಇಡೀ ಪಿಎಚ್‌ಪಿ ಕೂತಿರುತ್ತದೆ. ಒಂದಕ್ಕೆ 50 ಎಂಬಿ ಎಂದರೂ 150ಕ್ಕೆ 7,500 ಎಂಬಿ ಬೇಕು. ಜನ ಹೆಚ್ಚಾದ ಹೊತ್ತಲ್ಲಿ ಪ್ರೋಸೆಸ್‌ಗಳು ಹುಟ್ಟುತ್ತಾ ಹೋಗಿ ಮೆಮೊರಿ ಮುಗಿಯುತ್ತದೆ. ಆಗ ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ ಅತಿ ದೊಡ್ಡ ಪ್ರೋಸೆಸನ್ನೇ ಹುಡುಕಿ ಕೊಲ್ಲುತ್ತದೆ, ನಿಮ್ಮಲ್ಲಿ ಅದು ಮೈಎಸ್‌ಕ್ಯೂಎಲ್. ತಪ್ಪು ಅಪಾಚೆಯದು, ಎರರ್ ಮಾತ್ರ ಡೇಟಾಬೇಸಿನ ಹೆಸರಲ್ಲಿ. ಕರ್ನಲ್ ಲಾಗ್ ತೋರಿಸುವ ಡಿಮೆಸೆಜ್ (dmesg) ಕಮಾಂಡ್ ಕೊಟ್ಟು ‘ಔಟ್ ಆಫ್ ಮೆಮೊರಿ’ ಸಾಲು ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇದ್ದರೆ ಅನುಮಾನವೇ ಬೇಡ.

ಈಗ ಅಳತೆ. ಸೈಟು ಖಾಲಿ ಇದ್ದಾಗ ಅಳೆದರೆ ಪ್ರಯೋಜನವಿಲ್ಲ, ಬುಕಿಂಗ್ ನಡೆಯುತ್ತಿರುವಾಗ ಅಳೆಯಿರಿ. ಪ್ರೋಸೆಸ್‌ಗಳ ಪಟ್ಟಿ ಕೊಡುವ ಪಿಎಸ್ ಕಮಾಂಡಿನ ಆರ್‌ಎಸ್‌ಎಸ್ (ಪ್ರೋಸೆಸ್ ಹಿಡಿದ ಮೆಮೊರಿ) ಅಂಕಿಯನ್ನು ನೇರ ನಂಬಬೇಡಿ: ಆಪ್‌ಕ್ಯಾಶ್ (ಕಂಪೈಲ್ ಆದ ಪಿಎಚ್‌ಪಿ ಕೋಡಿನ ಸಂಗ್ರಹ), ಲೈಬ್ರರಿಗಳಂಥ ಎಲ್ಲರೂ ಹಂಚಿಕೊಂಡ ಮೆಮೊರಿಯನ್ನು ಅದು ಪ್ರತಿ ಪ್ರೋಸೆಸ್‌ನ ಲೆಕ್ಕಕ್ಕೂ ಪೂರ್ತಿ ಸೇರಿಸುತ್ತದೆ. ಎಸ್‌ಮೆಮ್ ಎಂಬ ಟೂಲ್ ಹಾಕಿಕೊಂಡು ಪಿಎಸ್‌ಎಸ್ ಕಾಲಂ ನೋಡಿ, ಅಲ್ಲಿ ಹಂಚಿಕೊಂಡ ಭಾಗ ಪಾಲಾಗಿ ಬರುತ್ತದೆ. ಸರಾಸರಿಗಿಂತ ಸ್ವಲ್ಪ ಮೇಲಿನ ಅಂಕಿ ಹಿಡಿಯಿರಿ, ಏಕೆಂದರೆ ಫೋಟೊ ಅಪ್‌ಲೋಡ್ ಮಾಡಿದ ಪ್ರೋಸೆಸ್ ಊದಿಕೊಂಡೇ ಉಳಿಯುವುದುಂಟು.

ಉದಾಹರಣೆಗೆ: ಕಾಣುವ ರ್‍ಯಾಮ್ ಸುಮಾರು 1,950 ಎಂಬಿ. ಓಎಸ್ ಮತ್ತು ಚಿಲ್ಲರೆ ಸರ್ವೀಸುಗಳಿಗೆ 250, ಮೈಎಸ್‌ಕ್ಯೂಎಲ್‌ಗೆ 450, ಫೈಲ್ ಕ್ಯಾಶ್‌ಗೆಂದು ಮುಟ್ಟದೆ ಬಿಡುವುದು 250. ಉಳಿದದ್ದು 1,000. ಪ್ರೋಸೆಸ್‌ಗೆ 50ರಂತೆ 20. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಲೆಕ್ಕ ಇದೇ.

20 ಸಾಕೇ ಎಂಬ ಭಯ ಸಹಜ. ಒಂದು ಪುಟಕ್ಕೆ 0.4 ಸೆಕೆಂಡಾದರೆ 20 ಪ್ರೋಸೆಸ್ ಸೆಕೆಂಡಿಗೆ 50 ಪುಟ ಕೊಡಬಲ್ಲವು. ಆದರೆ ಆ 0.4 ಸೆಕೆಂಡು ಪೂರ್ತಿ ಸಿಪಿಯು ಕೆಲಸವೇ ಆಗಿದ್ದರೆ 2 ಕೋರ್‌ನಲ್ಲಿ ಸೆಕೆಂಡಿಗೆ 5 ಪುಟವಷ್ಟೇ. 300 ಪ್ರೋಸೆಸ್ ಇಟ್ಟರೂ ಅಷ್ಟೇ. ಅಲ್ಲಿ ಬೇಕಾದದ್ದು ಸಿದ್ಧವಾದ ಪುಟವನ್ನು ಉಳಿಸಿಟ್ಟು ಕೊಡುವ ಪೇಜ್ ಕ್ಯಾಶ್ ಪ್ಲಗಿನ್. ಮಿತಿ ತುಂಬಿದ ಮೇಲೆ ಬಂದವರು ಕ್ಯೂನಲ್ಲಿ ನಿಲ್ಲುತ್ತಾರೆ. ಸರ್ವರ್ ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಳಿದು ಎಲ್ಲರಿಗೂ ನಿಂತುಹೋಗುವುದಕ್ಕಿಂತ ಒಂದೆರಡು ಸೆಕೆಂಡು ಕಾಯುವುದು ಎಷ್ಟೋ ವಾಸಿ.

ಪ್ರೀಫೋರ್ಕ್ ಕಾನ್ಫಿಗ್ ಫೈಲಿನಲ್ಲಿ ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ 20 ಮಾಡಿ, ಮ್ಯಾಕ್ಸ್‌ಕನೆಕ್ಷನ್ಸ್‌ಪರ್‌ಚೈಲ್ಡ್ (ಎಷ್ಟು ಕನೆಕ್ಷನ್ ಆದ ಮೇಲೆ ಪ್ರೋಸೆಸ್ ಮುಗಿಯಬೇಕು ಎಂಬ ಮಿತಿ; 0 ಎಂದರೆ ಮಿತಿಯಿಲ್ಲ) 0 ಇದ್ದರೆ 1000 ಮಾಡಿ, ಊದಿದ ಪ್ರೋಸೆಸ್‌ಗಳು ಹೋಗಿ ಹೊಸವು ಬರುತ್ತವೆ. ಕೀಪ್‌ಅಲೈವ್‌ಟೈಮ್‌ಔಟ್ 5ರಿಂದ 2ಕ್ಕೆ ಇಳಿಸಿ. ಇದನ್ನು ಮರೆಯಬೇಡಿ: ಪುಟ ನೋಡಿ ಸುಮ್ಮನಿರುವ ಬ್ರೌಸರ್‌ಗಾಗಿ ಒಂದು ಪ್ರೋಸೆಸ್ ಅಷ್ಟು ಹೊತ್ತೂ ಬಂದಿಯಾಗಿರುತ್ತದೆ, 20ರಲ್ಲಿ ಅದು ದುಬಾರಿ. ಪೇಮೆಂಟ್ ಗೇಟ್‌ವೇ ಕರೆಯ ಟೈಮ್‌ಔಟ್ 30 ಸೆಕೆಂಡು ಇದ್ದರೆ ಅದನ್ನೂ 10ರೊಳಗೆ ತನ್ನಿ.

ನಂತರ ರಾತ್ರಿ ಹೊತ್ತು ಅಪಾಚೆಯ ಲೋಡ್ ಪರೀಕ್ಷೆಯ ಟೂಲಾದ ಎಬಿಯಿಂದ 30 ಏಕಕಾಲದ ರಿಕ್ವೆಸ್ಟ್ ಕಳಿಸಿ, ಇನ್ನೊಂದು ಟರ್ಮಿನಲ್‌ನಲ್ಲಿ ಮೆಮೊರಿ ಸ್ಥಿತಿ ತೋರಿಸುವ ವಿಎಂಸ್ಟ್ಯಾಟ್ ಓಡಿಸಿ. ಎಸ್‌ಐ, ಎಸ್‌ಓ ಕಾಲಂಗಳು (ಸ್ವಾಪ್‌ನಿಂದ ಬಂದದ್ದು, ಸ್ವಾಪ್‌ಗೆ ಹೋದದ್ದು) ಸೊನ್ನೆಯಲ್ಲೇ ಇದ್ದರೆ ಸರಿ. ಎಡೆಬಿಡದೆ ಅಂಕಿ ಬರುತ್ತಿದ್ದರೆ 20ನ್ನು 15 ಮಾಡಿ ಮತ್ತೆ ನೋಡಿ. 1 ಜಿಬಿ ಸ್ವಾಪ್ ಇರಲಿ, ಆದರೆ ಅದನ್ನು ರ್‍ಯಾಮ್ ಲೆಕ್ಕಕ್ಕೆ ಸೇರಿಸಬೇಡಿ.

ಸಮಯವಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇವೆಂಟ್ ಎಂಪಿಎಂ (ಥ್ರೆಡ್ ಬಳಸುವ ಅಪಾಚೆ ವಿಧಾನ) ಜತೆ ಪಿಎಚ್‌ಪಿ ಎಫ್‌ಪಿಎಂ (ಪಿಎಚ್‌ಪಿಯನ್ನು ಅಪಾಚೆಯ ಹೊರಗೆ ಓಡಿಸುವ ಸರ್ವೀಸ್). ಈಗ ನಿಮ್ಮ ರೂಮಿನ ಫೋಟೊ ಒಂದನ್ನು ಕೊಡಲೂ 50 ಎಂಬಿಯ ಪ್ರೋಸೆಸ್ ಬೇಕು; ಆಗ ಫೋಟೊಗಳನ್ನು ಹಗುರ ಥ್ರೆಡ್‌ಗಳು ಕೊಡುತ್ತವೆ, ಪಿಎಚ್‌ಪಿ ಪುಟಗಳಿಗಷ್ಟೇ ಎಫ್‌ಪಿಎಂ. ಅಲ್ಲಿ ಇದೇ ಲೆಕ್ಕವನ್ನು ಪಿಎಂ ಮ್ಯಾಕ್ಸ್ ಚಿಲ್ಡ್ರನ್‌ಗೆ (ಪಿಎಚ್‌ಪಿ ಪ್ರೋಸೆಸ್‌ಗಳ ಮಿತಿ) ಹಾಕಿ. ಉಬುಂಟುವಿನಲ್ಲಿ ಅದು 5 ಇರುತ್ತದೆ, ಹಾಗೇ ಬಿಟ್ಟರೆ ತೀರಾ ಕಡಿಮೆಯಾಗಬಹುದು. ಒಂದಕ್ಕಿಂತ ಹೆಚ್ಚು ಪೂಲ್ (ಪಿಎಚ್‌ಪಿ ಪ್ರೋಸೆಸ್‌ಗಳ ಗುಂಪು) ಇದ್ದರೆ ಎಲ್ಲದರ ಮೊತ್ತ ಆ 1,000 ಎಂಬಿಯೊಳಗೇ ಇರಬೇಕು.

ಮುಂದೆ 4 ಜಿಬಿ ಪ್ಲಾನ್ ತೆಗೆದುಕೊಂಡರೆ ಹೆಚ್ಚಾದದ್ದನ್ನೆಲ್ಲ ಅಪಾಚೆಗೆ ಸುರಿಯಬೇಡಿ. ಇನೋಡಿಬಿ ಬಫರ್ ಪೂಲ್ (ಮೈಎಸ್‌ಕ್ಯೂಎಲ್ ತನ್ನ ಡೇಟಾವನ್ನು ಮೆಮೊರಿಯಲ್ಲಿಡುವ ಜಾಗ) ಡಿಫಾಲ್ಟ್ 128 ಎಂಬಿಯಲ್ಲೇ ಇದ್ದರೆ ಮೊದಲು ಅದನ್ನು 512ಕ್ಕೆ ಏರಿಸಿ, ಉಳಿದದ್ದನ್ನು ಮತ್ತೆ ಅಳೆದು ಭಾಗಿಸಿ.