ಮುಗಿಯದ ಪುಟಕ್ಕೊಂದು ಕೊನೆ

ಪ್ರಿಯ ಸೋದರಿ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಮಕ್ಕಳು ಮಲಗಿದ ಮೇಲೆ ಹತ್ತೇ ನಿಮಿಷ ಎಂದು ಫೋನ್ ಹಿಡಿದರೆ ರಾತ್ರಿ ಒಂದು ಗಂಟೆಯಾಗಿರುತ್ತದೆ, ಮೂರು ಸಲ ವಿಡಿಯೊ ಆ್ಯಪ್ ತೆಗೆದುಹಾಕಿದರೂ ವಾರದೊಳಗೆ ಮತ್ತೆ ಹಾಕಿಕೊಂಡೆ ಎಂದು ಬರೆದಿದ್ದೀರಿ. ಮಗಳು "ಅಮ್ಮಾ, ನಾನು ಹೇಳಿದ್ದು ಕೇಳಿಸ್ತಾ?" ಎಂದು ಮತ್ತೆ ಮತ್ತೆ ಕೇಳಿದ ದಿನ ಅತ್ತುಬಿಟ್ಟೆ ಎಂದೂ ಇದೆ. ಕೊನೆಯಲ್ಲಿ ಎರಡು ಪ್ರಶ್ನೆ: ಇದು ಕಾಯಿಲೆಯೇ? ನನಗೆ ಮನೋಬಲವೇ ಇಲ್ಲವೇ?

ನಿಮ್ಮನ್ನು ಹೆಚ್ಚು ನೋಯಿಸಿರುವುದು ಎರಡನೆಯದು. ಅದನ್ನೇ ಮೊದಲು ನೋಡೋಣ.

ಇವತ್ತು ರಾತ್ರಿ ನಿಮ್ಮ ಹೆಬ್ಬೆರಳನ್ನು ಸ್ವಲ್ಪ ಗಮನಿಸಿ. ಒಂದು ವಿಡಿಯೊ ಹಿಡಿಸಿತೋ ಇಲ್ಲವೋ ಎಂದು ಮನಸ್ಸು ತೀರ್ಮಾನಿಸುವ ಮುಂಚೆಯೇ ಅದು ಮುಂದಿನದನ್ನು ಮೇಲಕ್ಕೆ ತಳ್ಳಿರುತ್ತದೆ. ಪತ್ರಿಕೆಗೆ ಕೊನೆಯ ಪುಟ ಇರುತ್ತದೆ, ಅಲ್ಲಿ ಕೈ ತಾನಾಗಿ ನಿಲ್ಲುತ್ತದೆ. ಮೊದಮೊದಲು ಜಾಲತಾಣಗಳಲ್ಲೂ ಪುಟ ಮುಗಿದರೆ 'ಮುಂದೆ' ಎಂಬುದನ್ನು ಒತ್ತಬೇಕಿತ್ತು. ಒತ್ತುವ ಆ ಒಂದು ಕ್ಷಣದಲ್ಲಿ "ಸಾಕು" ಅನ್ನಿಸಲು ಜಾಗವಿತ್ತು. 2006ರಲ್ಲಿ ಆಜಾ ರಾಸ್ಕಿನ್ ಎಂಬ ವಿನ್ಯಾಸಕಾರ ರೂಪಿಸಿದ, ಏನನ್ನೂ ಒತ್ತದೆ ಮುಂದಿನದು ತಾನಾಗಿ ಬರುತ್ತಲೇ ಇರುವ ಕೊನೆಯಿಲ್ಲದ ಸ್ಕ್ರೋಲ್ ಆ ಜಾಗವನ್ನು ತೆಗೆದುಬಿಟ್ಟಿತು. ಅದಕ್ಕಾಗಿ ಮುಂದೆ ಅವರೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಇನ್ನೊಂದು ಸಂಗತಿ ಇನ್ನೂ ಹಳೆಯದು. ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳೊಂದಿಗೆ ಮಾಡಿದ ಪ್ರಯೋಗಗಳಲ್ಲಿ, ಯಾವ ಕುಟುಕಿಗೆ ಕಾಳು ಸಿಗುತ್ತದೆಂದು ತಿಳಿಯದಿದ್ದಾಗ ಹಕ್ಕಿ ಬಿಡದೆ ಕುಟುಕುತ್ತಲೇ ಇತ್ತು. ಹತ್ತರಲ್ಲಿ ಒಂಬತ್ತು ವಿಡಿಯೊ ಸಪ್ಪೆಯಾಗಿದ್ದರೂ ನಾವು ಕದಲದೆ ಕೂರುವುದಕ್ಕೆ ಆ ಹತ್ತನೆಯದರ ಆಸೆಯೇ ಕಾರಣ. ದಿನವಿಡೀ ದುಡಿದು ದಣಿದ ಹೆಂಗಸೊಬ್ಬಳು ಅರ್ಧರಾತ್ರಿಯಲ್ಲಿ ಒಬ್ಬಳೇ ಇದರೆದುರು ಸೋತರೆ ಅದನ್ನು ಮನೋಬಲದ ಲೆಕ್ಕದಲ್ಲಿ ಅಳೆಯಬೇಡಿ.

ಕಾಯಿಲೆಯ ಪ್ರಶ್ನೆಗೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಚಟ ಇದೆ, ಫೋನ್ ಚಟ ಎಂಬ ಪ್ರತ್ಯೇಕ ಹೆಸರಿಲ್ಲ. ಆದರೂ ಅಲ್ಲಿನ ಲಕ್ಷಣಗಳು ನಮಗೂ ಕನ್ನಡಿ: ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು. ನಿದ್ದೆ, ಕೆಲಸ, ಸಂಬಂಧ ತಿಂಗಳುಗಟ್ಟಲೆ ಕೆಡುತ್ತಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ.

ಆ್ಯಪ್ ತೆಗೆದುಹಾಕಿದ್ದು ಯಾಕೆ ಫಲಿಸಲಿಲ್ಲ? ಉತ್ತರ ನಿಮ್ಮ ಪತ್ರದಲ್ಲೇ ಇದೆ: "ಇಡೀ ದಿನದಲ್ಲಿ ನನ್ನದು ಅನ್ನುವ ಹೊತ್ತು ಅದೊಂದೇ." ಆ ಹೊತ್ತು ನಿಮಗೆ ಬೇಕು, ಅದನ್ನು ಬಿಟ್ಟುಕೊಡಬೇಡಿ. ನೀವು ಆ್ಯಪ್ ತೆಗೆದಿರಿ, ಹೊತ್ತು ಮಾತ್ರ ಬರಿದಾಗಿ ಉಳಿಯಿತು. ಅಲ್ಲಿಗೆ ಮುಗಿಯುವಂಥದ್ದನ್ನು ತನ್ನಿ: ಕಥೆಯ ಒಂದು ಅಧ್ಯಾಯ, ನಾಲ್ಕು ಹಾಡು, ಗೆಳತಿಗೆ ಒಂದು ಕರೆ. ಸಿನಿಮಾ ಆದರೂ ಸರಿ, ಅದೂ ಒಂದು ಹೊತ್ತಿಗೆ ಮುಗಿಯುತ್ತದೆ.

ಮಲಗುವ ಕೋಣೆಯಿಂದ ಫೋನನ್ನು ಆಚೆ ಇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಡುರಾತ್ರಿ ಎಚ್ಚರವಾಗಿ ಗಂಟೆ ಎಷ್ಟೆಂದು ನೋಡಲು ಫೋನ್ ಎತ್ತಿಕೊಂಡು, ಮುಕ್ಕಾಲು ಗಂಟೆಯ ನಂತರ ಕೆಳಗಿಟ್ಟು, ಆಗಲೂ ಗಂಟೆ ಎಷ್ಟೆಂದು ನೋಡದೇ ಇದ್ದ ರಾತ್ರಿಗಳು ನನಗಿವೆ. ಕೊನೆಗೆ ಅಲಾರಂ ಗಡಿಯಾರ ತಂದು, ಫೋನನ್ನು ಹೊರಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕತೊಡಗಿದೆ. ಮೊದಲ ನಾಲ್ಕು ರಾತ್ರಿ ಕೈ ದಿಂಬಿನ ಪಕ್ಕ ತಡಕಾಡಿತು. ಐದನೆಯ ರಾತ್ರಿ ತಡಕಾಡಲಿಲ್ಲ.

ಫೋನಿನಲ್ಲೇ ಬರುವ ಸಮಯಮಿತಿಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ, ಅದನ್ನು ದಾಟಲು ಒಂದೆರಡು ಸಲ ಬೆರಳೊತ್ತಿದರೆ ಸಾಕು. ದಿನಕ್ಕೆ ಎಷ್ಟು ಹೊತ್ತಾಯಿತೆಂಬ ಲೆಕ್ಕಕ್ಕೆ ಮಾತ್ರ ಅದನ್ನು ನೋಡಿ. ನೋಟಿಫಿಕೇಶನ್‌ಗಳಲ್ಲಿ ಮನುಷ್ಯರು ಕಳಿಸಿದ್ದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ನಿಲ್ಲಿಸಿಬಿಡಿ.

ಇನ್ನು ಮಗಳು. ಅವಳಿಗೆ ನಿಯಮ ಹೇಳುವ ಮುಂಚೆ ನಿಮ್ಮ ಕಷ್ಟ ಹೇಳಿ, "ನನಗೂ ಇದು ಬಿಡಲಾಗುತ್ತಿಲ್ಲ ಕಣೇ, ನೀನು ಸಹಾಯ ಮಾಡ್ತೀಯಾ?" ಎಂದು ಕೇಳಿ. ರಾತ್ರಿ ಫೋನನ್ನು ಹೊರಗಿಡುವ ಕೆಲಸ ಅವಳಿಗೇ ಕೊಡಿ. ಅವಳು ಮಾತಾಡಲು ಬಂದಾಗ ಫೋನನ್ನು ಬೋರಲು ಹಾಕಿದರೆ ಸಾಲದು, ಕೈಗೆ ಸಿಗದ ಕಡೆ ಇಟ್ಟು ಅವಳ ಮುಖ ನೋಡಿ.

ಒಂದು ತಿಂಗಳ ನಂತರ ಮತ್ತೆ ಬರೆಯಿರಿ. ನಾಲ್ಕನೆಯ ಸಲವೂ ಆ್ಯಪ್ ಹಾಕಿಕೊಂಡಿದ್ದರೆ, ಆಗಲೂ ಬರೆಯಿರಿ.

ಸಂಪಾದಕ