'ಸೈಕಲ್ ರಿಪೇರಿ' ಅಂತ ಹುಡುಕುವವರಿಗೆ ಬೇಕಿರುವುದೇನು?

ಪ್ರಶ್ನೆ: ಮನೆಯಲ್ಲೇ ಸೈಕಲ್ ರಿಪೇರಿ ಮಾಡಿಕೊಳ್ಳುವ ಬಗ್ಗೆ ಒಂದು ವೆಬ್‌ಸೈಟ್ ಮಾಡಿದ್ದೇನೆ. ನಲವತ್ತು ಲೇಖನ ಹಾಕಿದ್ದೇನೆ. ಗೂಗಲ್ ಕೀವರ್ಡ್ ಪ್ಲಾನರ್‌ನಲ್ಲಿ ನೋಡಿದಾಗ 'ಸೈಕಲ್ ರಿಪೇರಿ' ಎಂಬ ಪದಕ್ಕೆ ಹುಡುಕಾಟ ಜಾಸ್ತಿ, ಸ್ಪರ್ಧೆ ಕಡಿಮೆ ಅಂತಿತ್ತು. ಅದನ್ನೇ ಎಲ್ಲ ಶೀರ್ಷಿಕೆಗಳಿಗೂ ಸೇರಿಸಿದೆ. ಉದಾಹರಣೆಗೆ, 'ಸೈಕಲ್ ರಿಪೇರಿ: ಹಿಂದಿನ ಡಿರೇಲರ್ ಹೊಂದಾಣಿಕೆ' (ಡಿರೇಲರ್ ಅಂದರೆ ಗೇರ್ ಬದಲಿಸುವಾಗ ಚೈನನ್ನು ಪಕ್ಕಕ್ಕೆ ಸರಿಸುವ ಭಾಗ). ಆರು ತಿಂಗಳಾಯಿತು, ಜನ ಬರುತ್ತಿಲ್ಲ. ದುಡ್ಡು ಕೊಟ್ಟು ಬೇರೆ ಟೂಲ್ ತೆಗೆದುಕೊಳ್ಳಲಾ?

ಉತ್ತರ: ಬೇಡ, ದುಡ್ಡು ಜೇಬಲ್ಲೇ ಇರಲಿ.

ಮೊದಲು ಆ 'ಸ್ಪರ್ಧೆ' ಕಾಲಂ ವಿಷಯ ಮುಗಿಸಿಬಿಡೋಣ. ಕೀವರ್ಡ್ ಪ್ಲಾನರ್ ಇರುವುದೇ ಜಾಹೀರಾತು ಕೊಡುವವರಿಗಾಗಿ. ಅಲ್ಲಿ ಸ್ಪರ್ಧೆ ಕಡಿಮೆ ಎಂದರೆ ಆ ಪದಕ್ಕೆ ಜಾಹೀರಾತು ಹಾಕುವವರ ಪೈಪೋಟಿ ಕಡಿಮೆ ಎಂದಷ್ಟೇ ಅರ್ಥ, ಮಾಮೂಲಿ ಫಲಿತಾಂಶದಲ್ಲಿ ನಿಮ್ಮ ಪುಟ ಮೇಲೆ ಬರುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. (ನಾನೂ ಇಲ್ಲಿ ಎಡವಿದ್ದೇನೆ.) ಜಾಹೀರಾತಿಗೆ ಖರ್ಚು ಮಾಡದವರಿಗೆ ಅದು ಸರಿಯಾದ ಲೆಕ್ಕವನ್ನೂ ಕೊಡುವುದಿಲ್ಲ. 1 ಸಾವಿರದಿಂದ 10 ಸಾವಿರ ಅಂತ ಸುಮ್ನೆ ಒಂದು ಅಂದಾಜು ತೋರಿಸುತ್ತದೆ. ಎರಡಕ್ಕೂ ಅಜಗಜಾಂತರ, ಅಲ್ವಾ?

ಇನ್ನು ನೀವು ಆರಿಸಿದ ಪದ. 'ಸೈಕಲ್ ರಿಪೇರಿ' ಅಂತ ಟೈಪ್ ಮಾಡುವವರಲ್ಲಿ ಹೆಚ್ಚಿನವರಿಗೆ ಹತ್ತಿರದಲ್ಲೊಂದು ಅಂಗಡಿ ಬೇಕಿರುತ್ತದೆ. ಸೈಕಲ್ ಕೊಟ್ಟು ಸಂಜೆ ತಂದರೆ ಮುಗಿಯಿತು, ಲೇಖನ ಓದುತ್ತಾ ಕೂರಲು ಅವರಿಗೇನು ಹಟ? ಅನುಮಾನವಿದ್ದರೆ ನೀವೇ ಒಮ್ಮೆ ಹುಡುಕಿ ನೋಡಿ. ಮೊದಲಿಗೇ ನಕ್ಷೆ, ಅಂಗಡಿಗಳ ಪಟ್ಟಿ ಬಂದರೆ ಆ ಪದದ ಆಸೆ ಬಿಡಿ. ನಿಮಗೆ ಬೇಕಾದ ಓದುಗ ಬೇರೆ. ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು, ಸ್ವಲ್ಪ ಸ್ವಚ್ಛ ಇರುವ ಒಂದು ಬೆರಳಲ್ಲಿ 'ಗೇರ್ ಹಾಕಿದರೆ ಚೈನ್ ಬೀಳುತ್ತೆ' ಅಂತ ಒತ್ತುತ್ತಿರುತ್ತಾನಲ್ಲ, ಅವನು. ಡಿರೇಲರ್ ಎಂಬ ಹೆಸರು ಗೊತ್ತಿದ್ದವನಿಗೆ ಅರ್ಧ ರಿಪೇರಿಯೂ ಗೊತ್ತಿರುತ್ತದೆ. ಗೊತ್ತಿಲ್ಲದವನು ಕಣ್ಣಿಗೆ ಕಂಡ ತೊಂದರೆಯನ್ನೇ ಬರೆಯುತ್ತಾನೆ, ಆ ಮಾತು ನಿಮ್ಮ ಶೀರ್ಷಿಕೆಯಲ್ಲಿ ಎಲ್ಲೂ ಇಲ್ಲ.

ಅವನ ಮಾತು ಎಲ್ಲಿ ಸಿಗುತ್ತದೆ ಅಂತೀರಾ? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುತ್ತಿದ್ದೀರಿ. ಹಿಂದೆಲ್ಲ ಜನ ಯಾವ ಪದ ಹುಡುಕಿ ಬಂದರು ಎಂಬುದು, ಸೈಟಿಗೆ ಬಂದವರ ಲೆಕ್ಕ ಇಡುವ ಅನಲಿಟಿಕ್ಸ್‌ನಲ್ಲೇ ಕಾಣುತ್ತಿತ್ತು. 2011ರಿಂದ ಗೂಗಲ್ ಹುಡುಕಾಟವನ್ನು ಗುಟ್ಟಾಗಿಡಲು ಶುರುಮಾಡಿದ ಮೇಲೆ ಅದು ಬರುಬರುತ್ತಾ ನಿಂತೇಹೋಯಿತು. ಈಗ ಅದನ್ನು ನೋಡಬೇಕಾದ ಜಾಗ ಗೂಗಲ್ ಸರ್ಚ್ ಕನ್ಸೋಲ್. ಪುಕ್ಕಟೆ. 16 ತಿಂಗಳವರೆಗಿನ ಮಾಹಿತಿ ಇಟ್ಟಿರುತ್ತದೆ. ಪರ್ಫಾರ್ಮೆನ್ಸ್ ವರದಿ ತೆರೆದು, ಇಂಪ್ರೆಶನ್ (ಫಲಿತಾಂಶದಲ್ಲಿ ನಿಮ್ಮ ಪುಟ ಎಷ್ಟು ಸಲ ಕಾಣಿಸಿತು ಎಂಬ ಲೆಕ್ಕ) ಜಾಸ್ತಿ ಇದ್ದೂ ಕ್ಲಿಕ್ ಇಲ್ಲದ ಸಾಲುಗಳನ್ನು ಹುಡುಕಿ. ಒಂದು ಸಾಲು ಹೀಗಿದೆ ಎಂದುಕೊಳ್ಳಿ: 'ಚೈನ್ ಯಾಕೆ ಬೀಳುತ್ತೆ', ಇಂಪ್ರೆಶನ್ 300, ಕ್ಲಿಕ್ 2, ಸರಾಸರಿ ಸ್ಥಾನ 7. ಅಂದರೆ ಗೂಗಲ್ ನಿಮ್ಮ ಪುಟವನ್ನು ಮುನ್ನೂರು ಸಲ ಮುಂದಿಟ್ಟಿದೆ, ಜನ ಶೀರ್ಷಿಕೆ ನೋಡಿ ಇದು ನಮಗಲ್ಲ ಅಂತ ಮುಂದೆ ಹೋಗಿದ್ದಾರೆ. ಅಲ್ಲಿ ಶೀರ್ಷಿಕೆ ಬದಲಾಯಿಸಿದರೆ ಪ್ರಯೋಜನ ಉಂಟು. ಅದೇ ಸ್ಥಾನ 45 ಅಂತಿದ್ದರೆ ಶೀರ್ಷಿಕೆ ತಿದ್ದಿದರೆ ಸಾಲದು, ಲೇಖನವನ್ನೇ ಹೊಸದಾಗಿ ಬರೆಯಬೇಕಾದೀತು. ತೀರಾ ಅಪರೂಪದ ಹುಡುಕಾಟಗಳನ್ನು ಖಾಸಗಿತನದ ಕಾರಣಕ್ಕೆ ಗೂಗಲ್ ಮರೆಮಾಡುತ್ತದೆ, ಹಾಗಾಗಿ ಒಟ್ಟು ಲೆಕ್ಕ ತಾಳೆಯಾಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಅದೇ ವರದಿಯಲ್ಲಿ 'ಯಾಕೆ', 'ಹೇಗೆ' ಅಂತ ಫಿಲ್ಟರ್ ಹಾಕಿ ನೋಡಿ, ಬರೇ ಪ್ರಶ್ನೆಗಳೇ ಉಳಿಯುತ್ತವೆ. ಒಬ್ಬರು 'ಚೈನ್' ಅಂದರೆ ಇನ್ನೊಬ್ಬರು 'ಸರಪಳಿ' ಅನ್ನುತ್ತಾರೆ, ಮತ್ತೊಬ್ಬರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಒಂದೊಂದಕ್ಕೂ ಬೇರೆ ಪುಟ ಮಾಡಲು ಹೋಗಬೇಡಿ. ತೊಂದರೆ ಒಂದೇ ಆದರೆ ಪುಟವೂ ಒಂದೇ ಸಾಕು. ನಿಮ್ಮ ಸೈಟಿನಲ್ಲೇ ಹುಡುಕುವ ಪೆಟ್ಟಿಗೆ ಇದ್ದರೆ ಅಲ್ಲಿ ಜನ ಏನು ಬರೆದಿದ್ದಾರೆ ಅಂತಲೂ ನೋಡಿ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ, ಯಾಕೆಂದರೆ ಅವರು ಆಗಲೇ ಬಾಗಿಲು ದಾಟಿ ಒಳಗೆ ಬಂದವರು, ಬೇಕಾದ್ದು ಕಣ್ಣಿಗೆ ಬೀಳದೆ ಕೇಳುತ್ತಿರುವವರು.

ಹೀಗೆ ಸಿಕ್ಕ ಮಾತಿಗೆ ಟೂಲ್ 'ಹುಡುಕಾಟ ಸೊನ್ನೆ' ಎಂದರೂ ಬರೆಯಿರಿ. ದಿನವೂ ಬರುವ ಹುಡುಕಾಟಗಳಲ್ಲಿ ಸುಮಾರು 15% ಹಿಂದೆಂದೂ ಕಂಡಿರದಂಥವು ಅಂತ ಗೂಗಲ್ಲೇ ಹೇಳಿದೆ.

ಪ್ರಶ್ನೆ: (ಅದೇ ಓದುಗರು) ಪುಟದ ಕೋಡ್‌ನಲ್ಲಿ ಮೆಟಾ ಕೀವರ್ಡ್ಸ್ ಅಂತ ಒಂದು ಜಾಗವಿದೆ. ಈ ಮಾತುಗಳನ್ನೆಲ್ಲ ಅಲ್ಲಿ ತುಂಬಿಸಲಾ?

ಉತ್ತರ: ವೆಬ್ ಹುಡುಕಾಟದಲ್ಲಿ ಯಾರು ಮೇಲೆ, ಯಾರು ಕೆಳಗೆ ಅಂತ ತೀರ್ಮಾನಿಸಲು ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ಖಾಲಿ ಬಿಡಿ. ಆ ಹೊತ್ತಲ್ಲಿ ಡಿರೇಲರ್ ಲೇಖನದ ಶೀರ್ಷಿಕೆ ಬದಲಾಯಿಸಿ, ಒಂದೆರಡು ತಿಂಗಳು ಬಿಟ್ಟು ಅದೇ ಸಾಲು ಮತ್ತೆ ನೋಡಿ.