ಅಮ್ಮನ ಮನೆ ಮಾರೋದೂ ಬೇಡ, ದಾನಪತ್ರದ ಆತುರವೂ ಬೇಡ

ಅಮ್ಮನಿಗೆ ಮರೆವಿನ ಕಾಯಿಲೆ ಈಗಷ್ಟೇ ಶುರುವಾಗಿದೆ, ಆರೈಕೆ ಕೇಂದ್ರದ ಫೀಸಿಗೆ ಮೈಸೂರಿನ ಮನೆ ಮಾರಬೇಕಾ, ಇಲ್ಲ ನಮ್ಮ ಹೆಸರಿಗೆ ದಾನಪತ್ರ ಮಾಡಿಸಿಕೊಳ್ಳಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಬೇಡ.

ಮನೆ ಅಮ್ಮನ ಹೆಸರಲ್ಲೇ ಇರಲಿ, ಬಾಡಿಗೆಗೆ ಕೊಡಿ. ಬಾಡಿಗೆ ಅಮ್ಮನ ಖಾತೆಗೇ ಬೀಳಲಿ, ಫೀಸೂ ಅಲ್ಲಿಂದಲೇ ಹೋಗಲಿ. ಮುಂದೆ ಅಣ್ಣತಮ್ಮಂದಿರಲ್ಲಿ ಲೆಕ್ಕದ ಮಾತು ಬಂದರೆ ಪಾಸ್‌ಬುಕ್ ತೋರಿಸಿದರೆ ಸಾಕು. ತೆರಿಗೆಯಲ್ಲೂ ಅನುಕೂಲ ಇದೆ: ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ಕ್ಕೆ ತೆರಿಗೆ ಇಲ್ಲ. ಸಾಲದಿದ್ದಷ್ಟನ್ನು ಮಕ್ಕಳು ಹಂಚಿಕೊಳ್ಳಿ. ರಿವರ್ಸ್ ಮಾರ್ಟ್‌ಗೇಜ್ (ಮನೆ ಅಡವಿಟ್ಟು ಬ್ಯಾಂಕಿನಿಂದ ಹಣ ಪಡೆಯುವುದು) ಅಂತ ಯಾರಾದರೂ ಹೇಳಬಹುದು. ಅದು ಹಿರಿಯರು ತಾವೇ ವಾಸವಿರುವ ಮನೆಗೆ, ನಿಮಗೆ ಹೊಂದಲ್ಲ.

ಅಸಲಿ ಆತುರ ಬೇರೆ ಕಡೆ ಇದೆ. ಬರೀ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹಾರ ಮಾಡಲು ಅಮ್ಮ ಬರೆದುಕೊಡುವ ಅಧಿಕಾರಪತ್ರ, ನಂಬಿಕೊಂಡು ಕೂರಬೇಡಿ. ಅಮ್ಮನ ಬುದ್ಧಿ ಸ್ಥಿಮಿತ ತಪ್ಪಿದರೆ ಕಾನೂನಿನ ಪ್ರಕಾರ ಜಿಪಿಎ ಬಿದ್ದುಹೋಗುತ್ತದೆ. ಆಮೇಲೆ ಕೋರ್ಟಿನಿಂದ ಪಾಲಕರನ್ನು ನೇಮಿಸಿಕೊಳ್ಳುವ ಅಲೆದಾಟ. ಅವರಿಗೆ ತಿಳಿವು ಇರುವಾಗಲೇ ಜಂಟಿ ಖಾತೆ ಮಾಡಿಸಿ. ಮನೆ ಯಾರಿಗೆ ಅನ್ನುವುದನ್ನು ಅವರೇ ವಿಲ್‌ನಲ್ಲಿ ಬರೆಸಲಿ. ಅಮ್ಮನಿಗೆ ತಿಳಿವು ಇದೆ ಅನ್ನುವ ವೈದ್ಯರ ಪತ್ರ ಜೊತೆಗಿಟ್ಟು ಸಬ್‌ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಿ.

ದಾನಪತ್ರ ಮಾಡಲೇಬೇಕು ಅಂತ ಅಮ್ಮನೇ ಹೇಳಿದರೆ, 'ನನ್ನ ಆರೈಕೆ ನೋಡಿಕೊಳ್ಳಬೇಕು' ಅನ್ನುವ ಷರತ್ತು ಪತ್ರದಲ್ಲೇ ಇರಲಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಡಿ ಎಸಿ (ಉಪವಿಭಾಗಾಧಿಕಾರಿ) ಅವರ ಮುಂದೆ ಹೋಗಿ ರದ್ದು ಮಾಡಿಸಬಹುದು. ಈ ಷರತ್ತಿಗೆ ನಿಮ್ಮ ತಮ್ಮ ತಕರಾರು ತೆಗೆದರೆ, ಯಾಕೆ ಅಂತ ನೀವೇ ಯೋಚಿಸಿ.